ಅಳಿಯಂದಿರು ಅಂಗಡಿ ಬಿಟ್ಟ ದಿನ

ಟೈರಂಗಡಿಯ ಯಜಮಾನರು ತಮ್ಮ ಅಳಿಯನನ್ನು ಯಾವತ್ತೂ ಏಕವಚನದಲ್ಲಿ ಮಾತಾಡಿಸಿದವರಲ್ಲ. "ಅಳಿಯಂದ್ರೇ, ಆ ಟ್ರ್ಯಾಕ್ಟರ್ ಟೈರು ಒಂಚೂರು ಈ ಕಡೆ ಉರುಳಿಸ್ತೀರಾ?" ಎನ್ನುವರು. "ಅಳಿಯಂದ್ರೇ, ಬಿಸಿಲಿಗೆ ಹೋಗ್ಬೇಡಿ, ತಲೆನೋವು ಬರುತ್ತೆ" ಎನ್ನುವರು. ಅಳಿಯ ಸೀನಿದರೆ ಅತ್ತೆಗೆ ಕೂಗಿ ಕಷಾಯ ಮಾಡಿಸುವರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಕೈ ಮಾಡಿದ್ದರೆ ಹೊಸ್ತಿಲು ದಾಟಬಹುದಿತ್ತು. ಇಷ್ಟು ಮರ್ಯಾದೆ ಕೊಟ್ಟರೆ ಮನುಷ್ಯ ಯಾವ ಬಾಗಿಲಿಂದ ಆಚೆ ಹೋಗಬೇಕು?

ಅಳಿಯ ಮೊದಲು ಡ್ರೈವರಾಗಿದ್ದ. ರಸ್ತೆ ಇನ್ನೂ ಆಗದ ಕಡೆ ಕೊಳವೆಬಾವಿ ಕೊರೆಯುವವರ ಶಿಬಿರಗಳಿಗೆ ಸಾಮಾನು ಮುಟ್ಟಿಸುವ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲದ, ಸೋದರತ್ತೆಯ ಮನೆಯಲ್ಲಿ ಬೆಳೆದ ಹುಡುಗ. ಟೈರು ಬದಲಿಸಲು ಈ ಅಂಗಡಿಗೆ ಬರುತ್ತಿದ್ದವನು, ಗಲ್ಲಾದ ಹಿಂದೆ ಕೂರುತ್ತಿದ್ದ ಯಜಮಾನರ ಮಗಳನ್ನು ನೋಡಿದ ಮೇಲೆ ಇನ್ನೂ ಸವೆಯದ ಟೈರನ್ನೂ ಬದಲಿಸಲು ಬರತೊಡಗಿದ. ವಿಷಯ ಯಜಮಾನರ ಕಿವಿಗೆ ಬಿದ್ದಾಗ ಅವರು ರೇಗಲಿಲ್ಲ. ಕೂರಿಸಿ, ಚಹಾ ಕೊಟ್ಟು, ಒಂದೇ ಮಾತು ಹೇಳಿದರು: "ಮದುವೆಯಾದ್ಮೇಲೆ ಸ್ಟೀರಿಂಗ್ ಹಿಡಿಯೋದು ಬೇಡ. ಅಂಗಡಿ ನಿಮ್ದೇ ಅಂದ್ಕೊಳ್ಳಿ." ಪ್ರೀತಿಯ ಅಮಲಿನಲ್ಲಿದ್ದವನಿಗೆ ಅದು ಶರತ್ತು ಅಂತಲೇ ಅನ್ನಿಸಲಿಲ್ಲ. ಹೂಂ ಅಂದುಬಿಟ್ಟ.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಒಂದು ಬೋಗಿಯ ಹಾಗಿತ್ತು. ಎರಡೂ ಕಡೆ ಚಾವಣಿ ಮುಟ್ಟುವ ಹಾಗೆ ಟೈರುಗಳ ಪೇರಿಕೆ. ನಡುವೆ ಒಬ್ಬ ನಡೆಯುವಷ್ಟು ಜಾಗ. ಎದುರಿನಿಂದ ಇನ್ನೊಬ್ಬ ಬಂದರೆ ಇಬ್ಬರಲ್ಲೊಬ್ಬರು ಹೊಟ್ಟೆ ಒಳಗೆಳೆದುಕೊಂಡು ಟೈರಿಗೆ ಒರಗಬೇಕು. ಆ ಓಣಿಯ ತುದಿಯಲ್ಲಿ ಗಲ್ಲಾ, ಗಲ್ಲಾದ ಪಕ್ಕ ಅಳಿಯನ ಕುರ್ಚಿ. ಅಲ್ಲಿಂದ ನೋಡಿದರೆ ಬೀದಿ ಬಾಗಿಲಿನಗಲದ ಒಂದು ಬೆಳಕಿನ ತುಂಡು. ಬಸ್ಸು ಬಂತು ಅನ್ನುವಷ್ಟರಲ್ಲಿ ಹೋಗಿಯೂ ಆಗಿರುತ್ತಿತ್ತು. ರಬ್ಬರಿನ ವಾಸನೆ ಅಂಗಿಗೆ ಹತ್ತಿ, ಅಂಗಿಯಿಂದ ದಿಂಬಿಗೆ ಹತ್ತಿ, ಕೊನೆಗೆ ಕನಸಿಗೂ ಹತ್ತಿತ್ತು. ಪಕ್ಕದ ಕ್ಷೌರದಂಗಡಿಯವನು ಬಿಡುವಾದಾಗಲೆಲ್ಲ ಬಾಗಿಲಿಗೆ ಬಂದು ಹಲ್ಲುಕಿರಿಯುತ್ತಿದ್ದ: "ಮನೆ ಅಳಿಯನ್ನ ನೋಡಿದ್ದೆ ಕಣಯ್ಯಾ, ಅಂಗಡಿ ಅಳಿಯನ್ನ ಈಗ್ಲೇ ನೋಡಿದ್ದು." ಅಳಿಯನೂ ನಗುತ್ತಿದ್ದ. ನಕ್ಕಾದ ಮೇಲೆ ಬಾಯಿ ಕಹಿಯಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದನದ ಡಾಕ್ಟ್ರಮ್ಮ ಬಂದರು. ಬೆಟ್ಟದಾಚೆಗಿನ ಪಶು ಆಸ್ಪತ್ರೆಗೆ ಹೊಸದಾಗಿ ವರ್ಗವಾಗಿ ಬಂದವರು, ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವರ ಜೀಪಿನ ಟೈರುಗಳು ಬೋಳುತಲೆಯ ಹಾಗೆ ನುಣ್ಣಗಾಗಿದ್ದವು.

"ಇರೋದ್ರಲ್ಲಿ ದೊಡ್ಡ ಹಲ್ಲಿಂದು ಕೊಟ್ಬಿಡಿ. ಎಲ್ಲೋದ್ರೂ ಸಿಕ್ಕಾಕೊಳ್ಬಾರ್ದು" ಎಂದರು.

ಯಜಮಾನರು ಆಗಲೇ ಮಡ್ ಟೈರಿನ ಮೇಲೆ ಕೈಯಿಟ್ಟಿದ್ದರು. ಮುಷ್ಟಿಗಾತ್ರದ ಹಲ್ಲುಗಳು, ನೋಡಿದರೆ ಆನೆಯನ್ನೂ ಎಳೆದೀತು ಅನ್ನಿಸುವಂಥದ್ದು. ಗಿರಾಕಿಯ ಮುಂದೆ ಮಾವನ ಮಾತಿಗೆ ಅಡ್ಡ ಬರುವ ರೂಢಿ ಅಳಿಯನಿಗಿರಲಿಲ್ಲ. ಆದರೆ ಅವತ್ತು ಬಾಯಿ ತಾನಾಗಿ ತೆರೆಯಿತು.

"ಯಾವ ದಾರೀಲಿ ಹೋಗ್ತೀರಾ ಡಾಕ್ಟ್ರಮ್ಮ?"

"ಒಂದೇ ದಾರಿ ಆಗಿದ್ರೆ ಪುಣ್ಯ ಇತ್ತು. ಮೊದ್ಲು ಬೆಟ್ಟದ ಕಲ್ಲು. ಇಳಿದ್ರೆ ಕಪ್ಪು ಮಣ್ಣು, ನಾಲ್ಕು ಹನಿ ಬಿದ್ರೆ ಸಾಕು, ಚಪ್ಪಲಿ ಬಿಡಲ್ಲ. ಅದಾದ್ಮೇಲೆ ಒಣಗಿದ ಹೊಳೆ, ಬರೀ ಮರಳು. ಕುರಿ ಮಂದೆ ಎಲ್ಲಾ ಹೊಳೆಯಾಚೆ."

ಅಳಿಯ ಕುರ್ಚಿಯಿಂದ ಎದ್ದ. "ಹಾಗಾದ್ರೆ ಇದು ಬೇಡ. ಕೆಸರಿಗೆ ಇದು ರಾಜ. ಹಲ್ಲಿನ ಮಧ್ಯೆ ಸಂದು ಅಗಲ ಇರೋದ್ರಿಂದ ಮಣ್ಣು ಅಂಟ್ಕೊಂಡ್ರೂ ತಿರುಗ್ತಾ ತಿರುಗ್ತಾ ಉದುರಿಸಿಬಿಡುತ್ತೆ. ಆದ್ರೆ ಇದನ್ನ ಮರಳಿಗೆ ಬಿಟ್ರೆ ಹೆಗ್ಗಣದ ಥರ ತೋಡ್ಕೊಂಡು ಕೆಳಗೆ ಹೋಗುತ್ತೆ. ಮಳೆ ಬಿದ್ದ ಟಾರಿನ ಮೇಲೆ ಬ್ರೇಕೂ ಸರಿಯಾಗಿ ಹಿಡಿಯಲ್ಲ. ಕಲ್ಲಿನ ದಾರೀಲಿ ಏಟು ಬೀಳೋದು ಹಲ್ಲಿಗಲ್ಲ, ಟೈರಿನ ಪಕ್ಕೆಗೆ. ನಿಮಗೆ ಪಕ್ಕೆ ದಪ್ಪ ಇರ್ಬೇಕು, ಹಲ್ಲು ಮಧ್ಯಮ ಇರ್ಬೇಕು." ಓಣಿಯೊಳಗೆ ಹೊಕ್ಕು, ಪೇರಿಕೆಯ ಅಡಿಯಿಂದ ಒಂದು ಟೈರನ್ನು ಎಳೆದು ತಂದು ನಿಲ್ಲಿಸಿ, ಅದರ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. "ಇದು ಯಾವುದ್ರಲ್ಲೂ ಮೊದಲ್ನೇದಲ್ಲ, ಯಾವುದ್ರಲ್ಲೂ ಫೇಲೂ ಅಲ್ಲ. ಕೆಸರಲ್ಲಿ ಸ್ವಲ್ಪ ನಿಧಾನ ಹೋಗ್ಬೇಕು. ಮರಳು ಬಂದಾಗ ಮಾತ್ರ ಇಳಿದು ಅರ್ಧ ಗಾಳಿ ಬಿಟ್ಬಿಡಿ. ಟೈರು ಅಗಲ ಆಗಿ ಒಂಟೆ ಪಾದದ ಥರ ಮೇಲೇ ನಿಲ್ಲುತ್ತೆ. ವಾಪಸ್ ಕಲ್ಲಿಗೆ ಬರೋ ಮೊದ್ಲು ಪಂಪ್ ಹೊಡ್ಕೊಂಡ್ರಾಯ್ತು."

ಮಾತಾಡುತ್ತ ಅವನ ಮುಖವೇ ಬೇರೆಯಾಗಿತ್ತು. ಒಳಗಿನಿಂದ ಚಹಾ ತಂದ ಹೆಂಡತಿ ಲೋಟ ಕೊಡುವುದನ್ನು ಮರೆತು ಅವನನ್ನೇ ನೋಡುತ್ತ ನಿಂತಿದ್ದಳು.

ಡಾಕ್ಟ್ರಮ್ಮ ಅವನು ಹೇಳಿದ ಟೈರನ್ನೇ ಹಾಕಿಸಿಕೊಂಡರು. ಹೊರಡುವಾಗ, "ನನ್ನ ಡ್ರೈವರು ರಿಟೈರ್ ಆದ್ರು. ಹೊಸಬ್ರು ಯಾರೂ ಆ ದಾರಿಗೆ ಒಪ್ತಿಲ್ಲ. ಗುರುವಾರ ಲಸಿಕೆ ಹಾಕೋಕೆ ಹೋಗ್ಬೇಕು, ನೀವೇ ಒಂದ್ಸಲ ಬಂದು ದಾರಿ ತೋರಿಸ್ಕೊಡಿ" ಎಂದು ಕೇಳಿದರು.

ಅಳಿಯ ಬಾಯಿ ತೆರೆಯುವ ಮೊದಲೇ ಯಜಮಾನರು ನಗುತ್ತ ಅಂದರು, "ಅಯ್ಯೋ, ನಮ್ಮ ಅಳಿಯಂದ್ರು ಅಂಗಡಿ ಬಿಟ್ಟು ಎಲ್ಲೂ ಹೋಗಲ್ಲ ತಾಯಿ. ಅವರಿಗೆ ಇಷ್ಟ ಆಗಲ್ಲ."

ಎದುರಿಗೇ ನಿಂತವನ ಇಷ್ಟವನ್ನು ಇನ್ನೊಬ್ಬರು ಹೇಳಿ ಮುಗಿಸಿದರು. ಅಳಿಯ ತಲೆಯಾಡಿಸಿದ. ಹೌದು ಅಂತಲೋ ಅಲ್ಲ ಅಂತಲೋ ಅವನಿಗೇ ಗೊತ್ತಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮಾತು ಬಿಸಿ ತುಪ್ಪವಾಗಿ ಗಂಟಲಲ್ಲಿ ನಿಂತಿತು, ಉಗುಳಲೂ ಆಗದು, ನುಂಗಲೂ ಆಗದು. ಕೊನೆಗೆ ಹೆಂಡತಿಯ ಹತ್ತಿರ ಮಾತ್ರ, "ಗುರುವಾರ ಬೆಳಿಗ್ಗೆ ಹೋಗಿ ಸಂಜೆ ಒಳಗೆ ಬಂದ್ಬಿಡ್ತೀನಿ. ಮಾವ ಕೇಳಿದ್ರೆ ಹಲ್ಲು ನೋವು, ಆಸ್ಪತ್ರೆಗೆ ಹೋಗಿದಾರೆ ಅನ್ನು" ಎಂದ.

"ಸುಳ್ಳು ಯಾಕ್ರೀ?"

"ಸುಮ್ನೆ ಯಾಕೆ ಅವರ ಮನಸ್ಸು ನೋಯಿಸೋದು."

ಅವಳು ದೀಪ ಆರಿಸಿದಳು.

ಗುರುವಾರ ಬಸ್ ನಿಲ್ದಾಣದ ಹಿಂದೆ ಜೀಪು ಹತ್ತಿದ. ಊರು ದಾಟುವ ತನಕ ತಲೆ ತಗ್ಗಿಸಿಕೊಂಡೇ ಓಡಿಸಿದ. ಬೆಟ್ಟದ ಬುಡದಲ್ಲಿ ಟಾರು ಮುಗಿದು ಕಲ್ಲು ಶುರುವಾದ ಮೇಲೆ ಬೆನ್ನು ನೆಟ್ಟಗಾಯಿತು. ಚೂಪುಗಲ್ಲುಗಳನ್ನು ಚಕ್ರಗಳ ನಡುವೆ ಬಿಡದೆ, ನೇರ ಟೈರಿನ ಹಲ್ಲಿನಡಿಗೇ ತರುತ್ತ, ಪಕ್ಕೆಗೆ ತಾಗದ ಹಾಗೆ ಜೀಪನ್ನು ಬೆಕ್ಕಿನಂತೆ ಹತ್ತಿಸಿದ. ಕಪ್ಪು ಮಣ್ಣಿನಲ್ಲಿ ಹಿಂದಿನ ದಿನದ ತೇವವಿತ್ತು. ಗೇರು ಬದಲಿಸದೆ, ಎಲ್ಲೂ ನಿಲ್ಲಿಸದೆ ಒಂದೇ ಹದದಲ್ಲಿ ದಾಟಿಸಿದ. ಡಾಕ್ಟ್ರಮ್ಮ ಕಾಲ ಬಳಿ ಲಸಿಕೆಯ ಐಸು ಪೆಟ್ಟಿಗೆ ಇಟ್ಟುಕೊಂಡು, "ನಿಮ್ಮನ್ನ ಆ ಓಣೀಲಿ ಕೂರಿಸಿದೋರಿಗೆ ಏನ್ ಹೇಳ್ಬೇಕೋ!" ಎಂದರು. ಅವನು ಹಾಡು ಗುನುಗುತ್ತಿದ್ದ. ಗುನುಗುತ್ತಿದ್ದೇನೆ ಅಂತ ಅರಿವಾದೊಡನೆ ನಿಲ್ಲಿಸಿದ.

ಹೊಳೆ ಬಂತು. ನೀರಿನ ಹೆಸರಿಲ್ಲ, ಬಿಳಿ ಮರಳು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆಚೆ ದಂಡೆಯಲ್ಲಿ ಕುರಿದೊಡ್ಡಿಯ ಬೇಲಿ ಕಾಣುತ್ತಿತ್ತು.

"ಗಾಳಿ ಇಳಿಸ್ಬೇಕಲ್ವಾ? ನೀವೇ ಹೇಳಿದ್ರಿ" ಎಂದರು ಡಾಕ್ಟ್ರಮ್ಮ.

ಅಳಿಯ ಬ್ರೇಕಿನ ಮೇಲೆ ಕಾಲಿಟ್ಟು ಕೂತ. "ಇಳಿಸಿದ್ರೆ ಮತ್ತೆ ತುಂಬೋಕೆ ಪಂಪ್ ಇಲ್ಲ. ಗಾಳಿ ಇಲ್ದೆ ಕಲ್ಲಿನ ಮೇಲೆ ವಾಪಸ್ ಹೋದ್ರೆ ಪಕ್ಕೆ ಹರಿದು ಚಿಂದಿ ಆಗುತ್ತೆ."

"ಪಂಪ್ ಯಾಕೆ ತರ್ಲಿಲ್ಲ?"

ಪಂಪು ಅಂಗಡಿಯಲ್ಲಿ, ಮಾವನ ತಲೆಯ ಮೇಲಿನ ಮೊಳೆಗೆ ನೇತುಬಿದ್ದಿತ್ತು. ಅದನ್ನು ಇಳಿಸಿದರೆ ಎಲ್ಲಿಗೆ ಅಂತ ಕೇಳುತ್ತಿದ್ದರು. ಹಲ್ಲುನೋವಿಗೆ ಹೋಗುವವನು ಪಂಪು ಹೊತ್ತುಕೊಂಡು ಹೋಗುತ್ತಾನೆಯೇ?

"ಮರೆತೆ," ಎಂದ. ಆಮೇಲೆ, "ಪರವಾಗಿಲ್ಲ, ಟೈರು ಒಳ್ಳೇವು. ಓಡಿಸಿಬಿಡ್ತೀನಿ" ಎಂದ.

ನಡುಹೊಳೆಯವರೆಗೆ ಜೀಪು ಓಡಿತು ಕೂಡ. ಅಲ್ಲಿ ಮರಳು ಮೆತ್ತಗಾಯಿತು. ಮೂತಿ ಭಾರವಾಯಿತು. ಅವನ ಕಾಲು ಹಳೆಯ ಬುದ್ಧಿ ಮರೆತು ಆಕ್ಸಿಲರೇಟರನ್ನು ಒತ್ತಿತು. ಯಾವುದನ್ನು ಮಾಡಬಾರದು ಅಂತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದನೋ ಅದನ್ನೇ ಮಾಡಿದ. ಚಕ್ರಗಳು ಗಿರ್ರೆಂದು ಸುತ್ತಿ, ಮರಳು ಎರಚಿ, ಜೀಪು ಕೋಳಿ ಕಾವಿಗೆ ಕೂತ ಹಾಗೆ ಹೊಟ್ಟೆಯೂರಿ ಕೂತಿತು.

ಅರ್ಧ ಗಂಟೆ ಕೈಯಲ್ಲೇ ತೋಡಿದ. ಕಾಲಡಿಯ ಚಾಪೆಗಳನ್ನು ಚಕ್ರಕ್ಕೆ ಕೊಟ್ಟ. ಚಕ್ರ ಅವನ್ನು ನುಂಗಿ ಹಿಂದಕ್ಕೆ ಉಗಿಯಿತು. ಕಡೆಗೆ ಗಾಳಿಯನ್ನೂ ಬಿಟ್ಟ. ಆದರೆ ಹೊಟ್ಟೆಯೇ ಮರಳ ಮೇಲೆ ಕೂತ ಮೇಲೆ ಪಾದ ಅಗಲವಾಗಿ ಏನು ಬಂತು?

"ಐಸು ಕರಗುತ್ತೆ," ಎಂದರು ಡಾಕ್ಟ್ರಮ್ಮ. ಪೆಟ್ಟಿಗೆಯನ್ನು ಹೆಗಲಿಗೇರಿಸಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದರು. "ನಾನು ನಡ್ಕೊಂಡು ಹೋಗ್ತೀನಿ, ಕುರಿಯೋರು ಎದುರಿಗೆ ಬರ್ತಾರೆ. ನೀವು ಯಾರಿಗಾದ್ರೂ ಫೋನ್ ಮಾಡಿ. ಮತ್ತೆ, ನಿಜವಾಗ್ಲೂ ಮರೆತ್ರಾ?"

"ಇಲ್ಲ. ಮಾವನಿಗೆ ಗೊತ್ತಾಗಬಾರ್ದು ಅಂತ."

ಅವರು ನಗಲಿಲ್ಲ. ಒಂದು ಕ್ಷಣ ಅವನನ್ನು ನೋಡಿ ಮರಳಿನಲ್ಲಿ ಕಾಲು ಎಳೆಯುತ್ತ ಹೊರಟರು.

ಅಳಿಯ ಒಬ್ಬನೇ ಉಳಿದ. ಸುತ್ತ ಎಲ್ಲ ದಿಕ್ಕಿಗೂ ಬಯಲು, ತಡೆಯುವ ಗೋಡೆಯಿಲ್ಲ, ಮೇಲೆ ಚಾವಣಿಯಿಲ್ಲ. ಆದರೂ ಕದಲುವಂತಿಲ್ಲ. ಯಾರಿಗೆ ಫೋನ್ ಮಾಡುವುದು ಅಂತ ಯೋಚಿಸಿದ. ಸೋದರತ್ತೆ ತೀರಿಹೋಗಿದ್ದಳು. ಹಳೆಯ ಡ್ರೈವರ್ ಗೆಳೆಯರ ನಂಬರುಗಳು ಯಾವಾಗಲೋ ಕೈತಪ್ಪಿದ್ದವು. ತನಗೆ ಈ ಭೂಮಿಯ ಮೇಲೆ ಇರುವವರು ಆ ಅಂಗಡಿಯವರು ಮಾತ್ರ ಎನ್ನುವುದು ಆ ಬಿಸಿಲಿನಲ್ಲಿ ಅವನಿಗೆ ಮೊದಲ ಸಲ ಸ್ಪಷ್ಟವಾಯಿತು. ಹೆಂಡತಿಗೆ ಫೋನ್ ಮಾಡಿದ.

ಬಿಸಿಲು ವಾಲುವ ಹೊತ್ತಿಗೆ ದಂಡೆಯ ಮೇಲೆ ಅಂಗಡಿಯ ಪಿಕಪ್ ಗಾಡಿ ಕಾಣಿಸಿತು. ಅದಕ್ಕಿದ್ದದ್ದು ಊರೊಳಗಿನ ಟೈರು. ಕಲ್ಲಿನ ಮೇಲೆ ಎರಡು ಸಲ ಪಂಕ್ಚರಾಗಿ, ಸ್ಟೆಪ್ನಿಯೂ ಮುಗಿದು, ತೇಪೆ ಹಾಕಿಕೊಂಡು ಬಂದಿದ್ದರು. ಯಜಮಾನರು ಹೆಗಲ ಮೇಲೆ ಹಲಗೆ, ಕೈಯಲ್ಲಿ ಪಂಪು ಹಿಡಿದು ಮರಳಿಗಿಳಿದು ಓಡಿಬಂದರು. ಹಿಂದೆ ಮಗಳು, ಅವಳ ಕೈಯಲ್ಲಿ ಹಾರೆ.

"ಲೋ! ಏನಾಯ್ತೋ ನಿಂಗೆ? ಮಾತಾಡೋ!" ಎಂದು ದೂರದಿಂದಲೇ ಕೂಗಿದರು. ಹತ್ತಿರ ಬಂದು, ಕೈಕಾಲು ಎಲ್ಲ ನೆಟ್ಟಗಿರುವುದನ್ನು ನೋಡಿ, ಸೊಂಟಕ್ಕೆ ಕೈಯಿಟ್ಟು ಉಸಿರು ಬಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು, "ಊಟ ಆಯ್ತಾ ಅಳಿಯಂದ್ರೇ?"

ಹಲ್ಲುನೋವಿನ ಸುದ್ದಿ ಎತ್ತಲೇ ಇಲ್ಲ. ಮೂವರೂ ಸೇರಿ ಹೊಟ್ಟೆಯಡಿಯ ಮರಳು ಬಗೆದರು. ಹಲಗೆ ಕೊಟ್ಟು ತಳ್ಳಿದರು. ಗಾಳಿ ಇಳಿದಿದ್ದ ಟೈರುಗಳು ಹಲಗೆ ಕಚ್ಚಿ ಜೀಪನ್ನು ಮೇಲೆ ತಂದವು. ಗಟ್ಟಿ ನೆಲಕ್ಕೆ ಬಂದ ಮೇಲೆ ಗಾಳಿ ತುಂಬಬೇಕಿತ್ತು. ಪಂಪಿಗೆ ಯಜಮಾನರೇ ಕಾಲು ಕೊಟ್ಟರು. ಅಳಿಯ ಮುಂದೆ ಬಂದರೆ, "ನೀವು ದಣಿದಿದೀರಿ, ಕೂತ್ಕೊಳ್ಳಿ" ಎಂದು ತಳ್ಳಿದರು. ಮುಖ ಕೆಂಪಾಗಿ ಏದುಸಿರು ಬಿಡುತ್ತ ಆ ಮುದುಕರು ತುಳಿಯುತ್ತಿದ್ದರೆ, ಒಂದೊಂದು ತುಳಿತವೂ ಅಳಿಯನ ಎದೆಯ ಮೇಲೇ ಬಿದ್ದಂತಿತ್ತು. ಬೈದುಬಿಡಿ ಮಾವ, ಒಂದೇ ಒಂದು ಬೈಗುಳ ಬೈದುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಡಾಕ್ಟ್ರಮ್ಮ ಲಸಿಕೆ ಮುಗಿಸಿ ಬಂದರು. ಜೀಪನ್ನು ಅವರೇ ಓಡಿಸಿದರು, ಪಕ್ಕದ ಊರಿನವರೆಗೆ ಒಬ್ಬ ಕುರಿಗಾಹಿ ಜೊತೆಗೆ ಹೊರಟ. ಅಳಿಯ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮಾವನಿಗೂ ಹೆಂಡತಿಗೂ ನಡುವೆ, ಮೊಣಕಾಲು ಒಂದಕ್ಕೊಂದು ಅಂಟಿಸಿಕೊಂಡು ಕೂತ. ಗೇರು ಹಾಕಿದಾಗಲೆಲ್ಲ ಮಾವನ ಕೈ ಅವನ ತೊಡೆಗೆ ತಾಗುತ್ತಿತ್ತು.

ಬೆಟ್ಟ ಇಳಿದು ಟಾರು ಸಿಕ್ಕ ಮೇಲೆ ಮಾವ ರಸ್ತೆಯನ್ನೇ ನೋಡುತ್ತ ಕೇಳಿದರು, "ನಾನು ನಿಮ್ಮನ್ನ ಕಟ್ಟಿಹಾಕಿದೀನಾ?"

ಹೇಳಬೇಕಾದದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬಾಗಿಲು ತಾನಾಗಿ ತೆರೆದು ನಿಂತಿತ್ತು.

"ಇಲ್ಲ ಮಾವ. ಛೇ, ಛೇ" ಎಂದ ಅಳಿಯ.

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮನೆ ಸೇರಿ ಕೋಣೆಯ ಕದ ಹಾಕಿದ ಮೇಲೆಯೇ ಬಾಯಿ ಬಿಟ್ಟದ್ದು.

"ಅಪ್ಪ ಬಾಯಿಬಿಟ್ಟು ಕೇಳಿದ್ರಲ್ಲ, ಹೇಳೋಕೇನಾಗಿತ್ತು ನಿಮಗೆ?"

"ನಿನ್ನ ಮುಂದೆ ನಿಮ್ಮಪ್ಪನಿಗೆ ಏನಂತ ಹೇಳ್ಲಿ? ನಿನಗೆ ನೋವಾಗಲ್ವಾ?"

"ನನಗಾ?" ಅವಳು ಮಂಚದ ಮೇಲೆ ಕುಸಿದು ಕೂತು ನಕ್ಕುಬಿಟ್ಟಳು, ಕಣ್ಣಲ್ಲಿ ನೀರಿತ್ತು. "ರೀ, ನಾನು ಹುಟ್ಟಿದಾಗಿಂದ ಆ ಗಲ್ಲಾ ಹಿಂದೆ ಕೂತೋಳು. ನೀವು ಬಂದು ಮರಳು, ಕೆಸರು, ಬೆಟ್ಟ ಅಂತ ಕಥೆ ಹೇಳ್ತಿದ್ರಲ್ಲ, ಅದಕ್ಕೇ ಮನಸೋತದ್ದು. ನಾನು ಡ್ರೈವರನ್ನ ಮದುವೆ ಆದೆ ಕಣ್ರೀ. ಅಂಗಡೀಲಿ ಕೂರೋರು ನಮ್ಮನೇಲಿ ಆಗ್ಲೇ ಒಬ್ರಿದ್ರು. ಮದುವೆಯಾಗಿ ಆಚೆ ಹೋಗ್ತೀನಿ ಅಂದ್ಕೊಂಡೆ. ನೀವೇ ಒಳಗೆ ಬಂದು ಕೂತ್ಬಿಟ್ರಿ."

ಇಷ್ಟು ದಿನ ಅವಳಿಗಾಗಿ ಅವನು, ಅವನಿಗಾಗಿ ಅವಳು ಸುಮ್ಮನಿದ್ದು, ಇಬ್ಬರೂ ಒಂದೇ ಬಿಲದೊಳಗೆ ಉಸಿರು ಹಿಡಿದು ಕೂತಿದ್ದರು.

ಡಾಕ್ಟ್ರಮ್ಮ ಫೋನ್ ಮಾಡಿ ಖಾಲಿ ಇದ್ದ ಡ್ರೈವರ್ ಕೆಲಸಕ್ಕೆ ಕರೆದಾಗ, ಯಜಮಾನರಿಗೆ ಹೇಳಿಯೇಬಿಡುವುದೆಂದು ಇಬ್ಬರೂ ತೀರ್ಮಾನಿಸಿದರು. ಆದರೆ ಹೇಳುವ ಮೊದಲೇ ಯಜಮಾನರು ಮುಂದಿನ ವಾರ ಇಬ್ಬರನ್ನೂ ಪೇಟೆಯ ಇನ್ನೊಂದು ತುದಿಗೆ ಕರೆದುಕೊಂಡು ಹೋದರು. ಹೊಸ ಕಟ್ಟಡ. ಷಟರ್ ಎತ್ತಿದರೆ ಸುಣ್ಣಬಣ್ಣದ ವಾಸನೆ. ಒಳಗೆ ಅಗಲವಾದ ಹಜಾರ, ಗಾಜಿನ ಗಲ್ಲಾ, ಮೆತ್ತೆಯ ಕುರ್ಚಿ. ಗೋಡೆಗೆ ಒರಗಿಸಿಟ್ಟ ಬೋರ್ಡಿನ ಮೇಲೆ ಅಳಿಯನ ಹೆಸರು ಆಗಲೇ ಬರೆದಾಗಿತ್ತು.

"ಆ ಅಂಗಡಿ ಇಕ್ಕಟ್ಟು, ಉಸಿರು ಕಟ್ಟುತ್ತೆ. ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ?" ಎಂದರು ಯಜಮಾನರು, ಮಕ್ಕಳಿಗೆ ಆಟಿಕೆ ತೋರಿಸುವವರ ಮುಖ ಮಾಡಿಕೊಂಡು. "ಕೂತು ನೋಡಿ. ಹೇಗಿದೆ?"

ಅಳಿಯ ಕೂರಲಿಲ್ಲ. ಕೂತರೆ ಏಳಲಾರೆ ಅನ್ನಿಸಿತು. ಹೆಂಡತಿ ಅವನ ಮುಖ ನೋಡಿದಳು, ಸ್ವಲ್ಪ ಕಾದಳು, ತಾನೇ ಅಂದಳು: "ಚೆನ್ನಾಗಿದೆ ಅಪ್ಪ. ಬಾಡಿಗೆಗೆ ಕೊಟ್ಬಿಡಿ."

"ಏನಂದೆ?"

ಆಗ ಅಳಿಯ ಬಾಯಿಬಿಟ್ಟ. "ಮಾವ, ನನಗೆ ಕುರ್ಚಿ ಬೇಡ. ನೀವು ಕೊಟ್ಟದ್ದೆಲ್ಲ ದೊಡ್ಡದೇ. ಆದ್ರೆ ನನಗೆ ಓಡಿಸ್ಬೇಕು. ಡಾಕ್ಟ್ರಮ್ಮನ ಆಸ್ಪತ್ರೇಲಿ ಕೆಲಸ ಖಾಲಿ ಇದೆ, ಮನೇನೂ ಕೊಡ್ತಾರಂತೆ. ನಾವಿಬ್ರೂ ಹೋಗ್ತೀವಿ."

ಯಜಮಾನರು ಮೆತ್ತೆಯ ಕುರ್ಚಿಯಲ್ಲಿ ತಾವೇ ಕೂತುಬಿಟ್ಟರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ನಮ್ಮಪ್ಪ ಲಾರಿ ಓಡಿಸ್ತಿದ್ರು," ಎಂದರು. ಮಗಳಿಗೂ ಗೊತ್ತಿರದ ಮಾತು ಅದು. "ಒಂದು ಸಲ ಹೋದೋರು ಬರ್ಲಿಲ್ಲ. ಅಪಘಾತ ಏನಲ್ಲ. ಎಲ್ಲೋ ಚೆನ್ನಾಗೇ ಇದಾರೆ ಅಂತ ನೋಡ್ದೋರು ಹೇಳ್ತಿದ್ರು. ಸುಮ್ನೆ ಬರ್ಲಿಲ್ಲ, ಅಷ್ಟೇ. ಅಮ್ಮ ಲಾರಿ ಸದ್ದು ಕೇಳಿದಾಗೆಲ್ಲ ಬಾಗಿಲಿಗೆ ಹೋಗೋರು. ನನ್ನ ಮಗಳು ಬಾಗಿಲಲ್ಲಿ ನಿಲ್ಲೋದು ಬೇಡ ಅಂತ..."

"ನಾನು ಬಾಗಿಲಲ್ಲಿ ನಿಲ್ಲಲ್ಲ ಅಪ್ಪ, ನಾನೂ ಜೊತೆಗೇ ಹೋಗ್ತಿದೀನಿ" ಎಂದಳು ಮಗಳು.

"ಹಾಗಾದ್ರೆ ಬಾಗಿಲಲ್ಲಿ ನಿಲ್ಲೋನು ನಾನು," ಎಂದರು ಅವರು. ಎದ್ದು ಷಟರ್ ಎಳೆದು, ಅವರಿಗಿಂತ ಮುಂದೆ ಮುಂದೆ ನಡೆದು ಮನೆಗೆ ಹೋದರು.

ಬೇಡ ಅನ್ನಲಿಲ್ಲ, ಆಯ್ತು ಅಂತಲೂ ಅನ್ನಲಿಲ್ಲ. "ಅಂಗಡಿಗೆ ಒಬ್ಬ ನಂಬಿಕಸ್ತ ಸಿಗ್ಲಿ, ಆಮೇಲೆ" ಎಂದರು. ನಂಬಿಕಸ್ತರು ಸಿಗಲಿಲ್ಲ. ಒಬ್ಬನ ತಲೆಗೂದಲು ತೀರಾ ಉದ್ದ, ಇನ್ನೊಬ್ಬ ಮಾತಾಡುವಾಗ ಕಣ್ಣು ನೋಡುವುದಿಲ್ಲ, ಮತ್ತೊಬ್ಬ ಅತಿಯಾಗಿ ನೋಡುತ್ತಾನೆ. ತಿಂಗಳುಗಳು ಉರುಳಿದವು. ಅಳಿಯ ಓಣಿಯ ತುದಿಯಲ್ಲೇ ಕೂತಿದ್ದ. ಡಾಕ್ಟ್ರಮ್ಮ ಮತ್ತೊಮ್ಮೆ ಫೋನ್ ಮಾಡಿ, ಇನ್ನು ಕಾಯುವುದು ಕಷ್ಟ ಎಂದರು. ಅವತ್ತು ಅತ್ತೆ ಅಡಿಗೆಮನೆಯಿಂದ ಹೊರಬಂದರು; ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳದ ಹೆಂಗಸು. ಗಂಡನ ಎದುರು ನಿಂತು, "ನಾಳೆಯಿಂದ ಗಲ್ಲಾದಲ್ಲಿ ನಾನು ಕೂತ್ಕೋತೀನಿ. ನನ್ನ ಮೇಲೆ ನಂಬಿಕೆ ಇದ್ಯೋ ಇಲ್ವೋ?" ಎಂದು ಕೇಳಿದರು. ಯಜಮಾನರು ಗಲ್ಲಾದ ಬೀಗದಕೈ ತೆಗೆದು ಅವರ ಕೈಗಿಟ್ಟರು.

ಹೊರಡುವ ಬೆಳಿಗ್ಗೆ ಯಜಮಾನರು ಎಲ್ಲರಿಗಿಂತ ಮೊದಲೆದ್ದು ಅಂಗಡಿಗೆ ಹೊರಟುಹೋಗಿದ್ದರು. ಅತ್ತೆ ಬುತ್ತಿಯ ಗಂಟು ಕೊಟ್ಟು ಮಗಳ ತಲೆ ಸವರಿದರು. ಅಳಿಯ ಆಸ್ಪತ್ರೆಯಿಂದ ತಂದಿದ್ದ ಜೀಪಿನಲ್ಲಿ ಸಾಮಾನು ಕಟ್ಟಿ ಸ್ಟೀರಿಂಗ್ ಹಿಡಿದ. ಹೆಂಡತಿ ಪಕ್ಕದಲ್ಲಿ ಕಿಟಕಿಯಾಚೆ ಕತ್ತು ಹಾಕಿ, ಹಿಂದೆಂದೂ ನೋಡಿರದವಳ ಹಾಗೆ ತನ್ನದೇ ಬೀದಿಯನ್ನು ನೋಡುತ್ತಿದ್ದಳು.

ಊರ ಹೊರಗೆ ಟಾರು ಮುಗಿಯುವಲ್ಲಿ ಜೀಪು ನಿಧಾನವಾಯಿತು. ಹಗುರಾಗುತ್ತೇನೆ ಅಂದುಕೊಂಡಿದ್ದ, ಆಗಲಿಲ್ಲ. ಮಾವ ಈಗ ಒಬ್ಬರೇ ಯಾವುದೋ ಪೇರಿಕೆಯ ಹಿಂದೆ ನಿಂತು ಟೈರು ಎಣಿಸುವವರ ಹಾಗೆ ನಟಿಸುತ್ತಿರುತ್ತಾರೆ ಎಂಬುದು ಕಣ್ಣಿಗೆ ಕಟ್ಟಿತು. ಕಾಲು ಆಕ್ಸಿಲರೇಟರಿನ ಮೇಲೆ ಸುಮ್ಮನೆ ಕೂತಿತ್ತು, ಒತ್ತುತ್ತಿರಲಿಲ್ಲ. ಜೀಪು ನಿಂತೇಬಿಟ್ಟಿತು.

"ಏನ್ರೀ, ಇಲ್ಲೇ ನಿಲ್ಸಿಬಿಟ್ರಿ?"

"ಮುಂದೆ ಕಲ್ಲು ಜಾಸ್ತಿ," ಎಂದ.

"ಇರ್ಲಿ," ಎಂದಳು ಅವಳು. "ನಿಧಾನಕ್ಕೆ ಹೋಗೋಣ."

ಅವನು ಗೇರು ಹಾಕಿದ.